ಮಸ್ಕಿ ರೀಲ್ ಕೈಕೊಟ್ಟಾಗ: ದೋಷ ಹುಡುಕುವ ಬಗೆ, ಮುಂದಿನ ರೀಲ್ ಆರಿಸುವ ಬಗೆ

ಅಕ್ಟೋಬರ್ ಕೊನೆಯ ವಾರ. ಮಿನೆಸೋಟದ ಮಿಲ್ ಲ್ಯಾಕ್ಸ್ ಸರೋವರ. ಸಂಜೆ ಆರು ಗಂಟೆ, ಬೆರಳು ಮರಗಟ್ಟುವ ಚಳಿ. ದೋಣಿಯಿಂದ ಹತ್ತಡಿ ದೂರದಲ್ಲಿ ನನ್ನ ದೊಡ್ಡ ರಬ್ಬರ್ ಲೂರ್‌ಗೆ (ಮೀನಿಗೆ ಆಸೆ ತೋರಿಸುವ ನಕಲಿ ಆಹಾರ) ಮಸ್ಕಿ ಮೀನು ಬಾಯಿ ಹಾಕಿತು. ಕೋಲನ್ನು ಜೋರಾಗಿ ಎಳೆದೆ. ನೂಲು ಸುತ್ತುವ ರೀಲಿನ ಹ್ಯಾಂಡಲ್ ಸರ್ರನೆ ಹಿಂದಕ್ಕೆ ತಿರುಗಿ ಬೆರಳಿನ ಗೆಣ್ಣಿಗೆ ಬಡಿಯಿತು. ನೂಲು ಸಡಿಲಾಯಿತು. ನೀರಿನಡಿ ಬಿಳಿ ಹೊಟ್ಟೆಯೊಂದು ಹೊರಳಿ ಮರೆಯಾಯಿತು.

"ಏನಾಯ್ತು ಮಾರಾಯ?" ಅಂದ ಜೊತೆಗಿದ್ದ ಗೆಳೆಯ. ಸಾಗರದ ಕಡೆಯವನು.

"ರೀಲ್ ಜಾರಿತು."

"ಡ್ರ್ಯಾಗ್ ಇನ್ನೂ ಬಿಗಿ ಮಾಡ್ಬೇಕಿತ್ತು ನೀನು."

ಡ್ರ್ಯಾಗ್, ಅಂದರೆ ಮೀನು ಎಳೆದಾಗ ನೂಲನ್ನು ಎಷ್ಟು ಬಿಗಿಯಾಗಿ ಬಿಡಬೇಕೆಂದು ಹೊಂದಿಸುವ ಹಿಡಿತ, ಪೂರ್ತಿ ಬಿಗಿಯಾಗಿಯೇ ಇತ್ತು. ಆ ರಾತ್ರಿ ಮನೆಗೆ ಬಂದವನು ಹೊಸ ರೀಲ್ ಕೊಳ್ಳಲು ಹೊರಟಿದ್ದೆ. ಹಳೆಯದನ್ನು ಒಂದು ಸಲ ಬಿಚ್ಚಿ ನೋಡೋಣ ಅನ್ನಿಸಿತು. ಊಟದ ಮೇಜಿನ ಮೇಲೆ ಹಳೆ ಟವೆಲ್ ಹಾಸಿ ಪಕ್ಕದ ತಟ್ಟೆ ತೆಗೆದೆ. ಗೇರ್ ಚೆನ್ನಾಗಿತ್ತು. ಡ್ರ್ಯಾಗ್ ಚೆನ್ನಾಗಿತ್ತು. ಹ್ಯಾಂಡಲ್ ಹಿಂದಕ್ಕೆ ತಿರುಗದಂತೆ ತಡೆಯುವ ಪುಟ್ಟ ರೋಲರ್ ಬೇರಿಂಗ್ ಒಳಗೆ ಮಾತ್ರ ದಪ್ಪ ಗ್ರೀಸ್ ತುಂಬಿಕೊಂಡಿತ್ತು, ಚಳಿಗೆ ತುಪ್ಪದ ಹಾಗೆ ಗಟ್ಟಿಯಾಗಿ. ಬೇಸಿಗೆಯಲ್ಲಿ ಅದನ್ನು ಹಚ್ಚಿದ್ದು ನಾನೇ. ರೀಲಿಗೆ ಒಳ್ಳೆಯದಾಗಲಿ ಅಂತ.

ಅವತ್ತಿನಿಂದ ನನ್ನದು ಒಂದೇ ಮಾತು. ಹಳೆ ರೀಲ್ ಎಲ್ಲಿ ಸೋತಿತು ಅಂತ ಗೊತ್ತಾಗದೆ ಹೊಸ ರೀಲ್ ಕೊಳ್ಳಬೇಡಿ. ಎಲ್ಲರೂ ಕೇಳುವುದು "ದೊಡ್ಡ ಲೂರ್‌ಗೆ ಬಾಳಿಕೆ ಬರುವ ರೀಲ್ ಯಾವುದು?" ಅಂತ. ಅದಕ್ಕೆ ಉತ್ತರ ನಿಮ್ಮ ಹಳೆ ರೀಲಿನ ಹೊಟ್ಟೆಯಲ್ಲೇ ಇರುತ್ತದೆ. ಅದನ್ನು ಓದುವುದು ಹೇಗೆ ಅಂತ ಹೇಳಲಿಕ್ಕೇ ಈ ಬರಹ.

ಹೊಸಬರಿಗೆ ಒಂದು ಮಾತು. ಮಸ್ಕಿ ಅಂದರೆ ನಮಗೆ ಮೊದಲು ನೆನಪಾಗುವುದು ರಾಯಚೂರಿನ ಮಸ್ಕಿ, ಅಶೋಕನ ಹೆಸರಿರುವ ಬಂಡೆ ಶಾಸನ. ಇಲ್ಲಿ ಹೇಳುತ್ತಿರುವುದು ಉತ್ತರ ಅಮೆರಿಕದ ಸಿಹಿನೀರಿನ ಬೇಟೆ ಮೀನು. ಪೂರ್ತಿ ಹೆಸರು ಮಸ್ಕೆಲಂಜ್. ಪೈಕ್ ಮೀನಿನ ಜಾತಿ, ಮೊಸಳೆಯಂಥ ಉದ್ದ ಮೂತಿ, ಬಾಯಿ ತುಂಬ ಹಲ್ಲು. ಪಕ್ಕದ ವಿಸ್ಕಾನ್ಸಿನ್‌ಗೆ ಇದು ರಾಜ್ಯದ ಮೀನು. ಮಿನೆಸೋಟದಲ್ಲಿ ಹೆಚ್ಚಿನ ಕಡೆ 54 ಇಂಚಿಗಿಂತ ಚಿಕ್ಕದನ್ನು ಇಟ್ಟುಕೊಳ್ಳುವಂತಿಲ್ಲ. ಹಿಡಿದವರು ದೊಡ್ಡದನ್ನೂ ಸಾಮಾನ್ಯವಾಗಿ ನೀರಿಗೇ ಬಿಡುತ್ತಾರೆ. "ಹತ್ತು ಸಾವಿರ ಎಸೆತದ ಮೀನು" ಅಂತ ಇದಕ್ಕೆ ಹೆಸರು. ಈ ಹತ್ತು ಸಾವಿರವೇ ರೀಲಿನ ಶತ್ರು.

ರೀಲಿನ ಮೇಲೆ ಬೀಳುವ ಹೊರೆ

ಒಂದು ದಿನದ ಲೆಕ್ಕ ಹಾಕೋಣ. ನಿಮಿಷಕ್ಕೊಂದು ಎಸೆತ ಅಂದರೆ ಎಂಟು ಗಂಟೆಗೆ 480. ಒಂದೊಂದೂ 30 ಮೀಟರ್. ಹ್ಯಾಂಡಲಿನ ಒಂದು ಸುತ್ತಿಗೆ 60 ಸೆಂಟಿಮೀಟರ್ ನೂಲು ಬಂದರೆ ಒಂದು ಎಸೆತಕ್ಕೆ 50 ಸುತ್ತು. ದಿನಕ್ಕೆ 24,000 ಸುತ್ತು, ಅದೂ ಹೊರೆ ಹೊತ್ತುಕೊಂಡು. ಬಾಸ್ ಮೀನಿಗೆಂದು ಮಾಡಿದ ಪುಟ್ಟ ರೀಲ್ ಒಂದೇ ಬೇಸಿಗೆಯಲ್ಲಿ ಸುಸ್ತಾಗುವುದು ಇದಕ್ಕೇ.

ಇಲ್ಲಿ ತುಂಬ ಜನ ಎಡವುವ ಜಾಗ ಒಂದಿದೆ. ಲೂರಿನ ತೂಕ ನೋಡಿ ರೀಲ್ ಆರಿಸುತ್ತಾರೆ. ತೂಕ ಬೇರೆ, ಎಳೆತ ಬೇರೆ. ಹತ್ತನೇ ನಂಬರಿನ ಎರಡು ದುಂಡು ಬ್ಲೇಡ್ (ನೀರಿನಲ್ಲಿ ಸುತ್ತುವ ಲೋಹದ ತಗಡು) ಇರುವ ಬಕ್‌ಟೇಲ್ ತೆಗೆದುಕೊಳ್ಳಿ. ಇಲ್ಲಿಯವರು ಅದನ್ನು "ಡಬಲ್ ಟೆನ್" ಅನ್ನುತ್ತಾರೆ. ತೂಕ ಸುಮಾರು 3 ಔನ್ಸ್, ಅಂದರೆ 85 ಗ್ರಾಂ. ಕೈಯಲ್ಲಿ ಹಿಡಿದರೆ ಏನೂ ಅಲ್ಲ. ನೀರಿನಲ್ಲಿ ಜೋರಾಗಿ ಎಳೆದಾಗ ಮಾತ್ರ ಬಾವಿಯಿಂದ ತುಂಬಿದ ಕೊಡ ಎಳೆದ ಹಾಗಿರುತ್ತದೆ. ಆ ಎಳೆತ ಒಂದು ಕ್ಷಣವೂ ಬಿಡುವು ಕೊಡುವುದಿಲ್ಲ. ಇದು ತಿನ್ನುವುದು ಗೇರನ್ನು. ಇನ್ನೊಂದು ಕಡೆ "ಪೌಂಡರ್" ಅಂತ ಕರೆಯುವ ರಬ್ಬರ್ ಲೂರ್. ತೂಕ ಒಂದು ಪೌಂಡ್, ಸುಮಾರು 450 ಗ್ರಾಂ. ಇದನ್ನು ಎಳೆದು ಬಿಟ್ಟು, ಎಳೆದು ಬಿಟ್ಟು ತರುತ್ತೇವೆ. ಗೇರಿಗೆ ಅಷ್ಟು ಕಷ್ಟ ಇಲ್ಲ. ಆದರೆ ಪ್ರತಿ ಸಲ ಎಳೆದಾಗಲೂ ಹ್ಯಾಂಡಲ್ ತಡೆಯುವ ಬೇರಿಂಗಿಗೆ ಪೆಟ್ಟು. ಎಸೆಯುವಾಗ ನೂಲು ಸುತ್ತಿಕೊಳ್ಳುವ ಸ್ಪೂಲಿಗೂ, ನೂಲನ್ನು ಅದರ ಮೇಲೆ ಸಮನಾಗಿ ಹಾಸುವ ಲೆವೆಲ್‌ವೈಂಡಿಗೂ ಪೆಟ್ಟು.

ಆದ್ದರಿಂದ ನನ್ನನ್ನು ಯಾರಾದರೂ ರೀಲ್ ಕೆಟ್ಟಿದೆ ಅಂತ ಕೇಳಿದರೆ ನಾನು ಮೊದಲು ಕೇಳುವುದು "ಜಾಸ್ತಿ ಯಾವ ಲೂರ್ ಎಸೀತೀರಿ?" ಅಂತ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಬಿಚ್ಚುವ ಮೊದಲು

ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮುಂಚೆ ದೋಷ ನಿಜಕ್ಕೂ ರೀಲಿನದ್ದೇ ಅಂತ ಖಾತ್ರಿ ಮಾಡಿಕೊಳ್ಳಿ. ರೀಲಿನ ಪಾದ ಕೋಲಿನ ಸೀಟಿನಲ್ಲಿ ಅಲುಗಾಡುತ್ತಿದ್ದರೆ ಬರುವ ಕಟಕಟ ಸದ್ದು ಥೇಟ್ ಗೇರ್ ಸವೆದ ಹಾಗೇ ಕೇಳಿಸುತ್ತದೆ. ಸೀಟಿನ ತಿರುಪು ಬಿಗಿ ಮಾಡಿ ಇನ್ನೊಮ್ಮೆ ನೋಡಿ. ಕೋಲಿನ ತುದಿಯ ಉಂಗುರ ಬಿರುಕು ಬಿಟ್ಟಿದ್ದರೆ ನೂಲು ಉಜ್ಜಿ ಗರಗರ ಅನ್ನುತ್ತದೆ. ಬ್ಲೇಡಿಗೆ ಜೊಂಡು ಸಿಕ್ಕಿದ್ದರೆ ಇಡೀ ಕೋಲು ನಡುಗುತ್ತದೆ. ಬೇರೆ ಲೂರ್ ಹಾಕಿದಾಗ ಸದ್ದು ಹೋಯಿತಾ? ಹಾಗಾದರೆ ರೀಲನ್ನು ಬಿಟ್ಟುಬಿಡಿ.

ಪರೀಕ್ಷೆ ಮಾಡುವಾಗ ಲೂರ್ ತೆಗೆದಿಡಿ. ಹೆಣೆದ ಬ್ರೇಡ್ ನೂಲನ್ನು ಬರಿಗೈಗೆ ಸುತ್ತಿಕೊಂಡು ಯಾವತ್ತೂ ಎಳೆಯಬೇಡಿ. 80 ಪೌಂಡ್ ಹೊರೆ ತಾಳುವ ಬ್ರೇಡ್ ಚರ್ಮವನ್ನು ಚಾಕುವಿನ ಹಾಗೆ ಕೊಯ್ಯುತ್ತದೆ. ಒಂದು ಮರದ ತುಂಡಿಗೆ ನಾಲ್ಕು ಸುತ್ತು ಸುತ್ತಿ ಅದನ್ನು ಹಿಡಿದು ಎಳೆಯಿರಿ.

ಜಾರುತ್ತಿದೆ: ಮೂರರಲ್ಲಿ ಯಾವುದು?

"ಜಾರುತ್ತೆ" ಎಂಬುದು ನಾನು ಅತಿ ಹೆಚ್ಚು ಕೇಳುವ ದೂರು. ತಪ್ಪು ಮದ್ದು ಮಾಡುವುದೂ ಇದಕ್ಕೇ ಜಾಸ್ತಿ. ಜಾರುವ ಜಾಗ ಮೂರು. ಮೂರಕ್ಕೂ ಮದ್ದು ಬೇರೆ ಬೇರೆ. ಕಂಡುಹಿಡಿಯಲು ಐದು ನಿಮಿಷ ಸಾಕು.

ಡ್ರ್ಯಾಗ್ ಪೂರ್ತಿ ಬಿಗಿ ಮಾಡಿ. ಸ್ಪೂಲಿನ ಅಂಚಿನ ಮೇಲೆ ಮಾರ್ಕರ್ ಪೆನ್ನಿನಿಂದ ಒಂದು ಗೀಟು ಎಳೆಯಿರಿ. ರೀಲನ್ನು ಕೋಲಿಗೆ ಕಟ್ಟಿ ಒಬ್ಬರು ಹಿಡಿದುಕೊಳ್ಳಿ, ಹ್ಯಾಂಡಲ್ ಮುಟ್ಟಬೇಡಿ. ಇನ್ನೊಬ್ಬರು ಮರದ ತುಂಡು ಹಿಡಿದು ನೂಲನ್ನು ನೇರವಾಗಿ, ಬಲವಾಗಿ ಎಳೆಯಲಿ. ಈಗ ಕಣ್ಣಿಟ್ಟು ನೋಡಿ.

ಹ್ಯಾಂಡಲ್ ಹಿಂದಕ್ಕೆ ತಿರುಗಿತೇ? ಹಾಗಾದರೆ ತಪ್ಪು ಹಿಂತಿರುಗದಂತೆ ತಡೆಯುವ ಬೇರಿಂಗಿನದ್ದು. ಹ್ಯಾಂಡಲ್ ನಿಂತೇ ಇದೆ, ಗೀಟು ಮಾತ್ರ ತಿರುಗುತ್ತಿದೆಯೇ? ಅದು ಡ್ರ್ಯಾಗ್. ಹ್ಯಾಂಡಲೂ ನಿಂತಿದೆ, ಗೀಟೂ ನಿಂತಿದೆ, ಆದರೂ ನೂಲು ಬರುತ್ತಲೇ ಇದೆಯೇ? ಆಗ ರೀಲಿನದು ಏನೂ ತಪ್ಪಿಲ್ಲ. ಸ್ಪೂಲಿನ ಮೇಲಿನ ನೂಲಿನ ಉಂಡೆಯೇ ಒಟ್ಟಾಗಿ ಜಾರುತ್ತಿದೆ.

ಮೂರನೆಯದನ್ನು ಮೊದಲು ಮುಗಿಸುತ್ತೇನೆ. ಬ್ರೇಡ್ ನೂಲು ನುಣುಪು, ಹಿಗ್ಗುವುದೇ ಇಲ್ಲ. ನುಣುಪಾದ ಸ್ಪೂಲಿಗೆ ಅದನ್ನು ನೇರ ಕಟ್ಟಿದರೆ ಕಂಬಕ್ಕೆ ಹಾಕಿದ ಸಡಿಲ ಬಳೆಯ ಹಾಗೆ ಸುತ್ತುತ್ತದೆ. ಎಳೆದವರಿಗೆ ಡ್ರ್ಯಾಗ್ ಜಾರಿದಂತೆಯೇ ಅನ್ನಿಸುತ್ತದೆ. ಪೂರ್ತಿ ನೂಲು ಬಿಚ್ಚಿ, ಅಡಿಗೆ ಹತ್ತು ಹದಿನೈದು ಸುತ್ತು ಮಾನೋ ನೂಲು (ಒಂದೇ ಎಳೆಯ ನೈಲಾನ್) ಬಿಗಿಯಾಗಿ ಸುತ್ತಿ, ಅದಕ್ಕೆ ಬ್ರೇಡ್ ಕಟ್ಟಿ. ಸ್ಪೂಲಿನಲ್ಲಿ ನೂಲು ಕಟ್ಟಲು ತೂತಿದ್ದರೆ ಅದನ್ನೇ ಬಳಸಿ. ಸುತ್ತುವಾಗ ಒದ್ದೆ ಬಟ್ಟೆಯಲ್ಲಿ ನೂಲನ್ನು ಅದುಮಿ ಹಿಡಿದು ಬಿಗಿಯಾಗಿ ಸುತ್ತಿ. ಇಲ್ಲದಿದ್ದರೆ ಮೇಲಿನ ನೂಲು ಕೆಳಗಿನ ಪದರದೊಳಗೆ ಹೂತುಕೊಂಡು ಮುಂದಿನ ಎಸೆತದಲ್ಲಿ ಗಕ್ಕನೆ ನಿಲ್ಲುತ್ತದೆ. ಇದಕ್ಕೆ ಹೊಸ ರೀಲ್ ಕೊಂಡವರನ್ನು ನಾನು ಕಂಡಿದ್ದೇನೆ. ಹೊಸದರಲ್ಲೂ ಅದೇ ಗೋಳು, ಏಕೆಂದರೆ ನೂಲು ಕಟ್ಟಿದ ರೀತಿ ಅದೇ.

ಡ್ರ್ಯಾಗ್ ಜಾರಿದರೆ ತಟ್ಟೆಗಳನ್ನು ತೆಗೆದು ನೋಡಿ. ಈಗಿನ ಒಳ್ಳೆಯ ರೀಲುಗಳಲ್ಲಿ ಕಾರ್ಬನ್ ಫೈಬರ್ ತಟ್ಟೆಗಳಿರುತ್ತವೆ. ಬೇರೆ ಭಾಗಕ್ಕೆ ಹಾಕಿದ ಎಣ್ಣೆ ಹರಿದು ಬಂದು ಇವುಗಳ ಮೇಲೆ ಕೂತಿದ್ದರೆ ಜಾರುತ್ತದೆ. ಒರೆಸಿ, ಡ್ರ್ಯಾಗಿಗೆಂದೇ ಮಾಡಿದ ಗ್ರೀಸನ್ನು ತೆಳುವಾಗಿ ಸವರಿ, ಜಾಸ್ತಿಯಾದದ್ದನ್ನು ಒರೆಸಿಬಿಡಿ. ಅಂಚು ಹರಿದಿದ್ದರೆ ಬದಲಿಸಿ, ಅದೇನೂ ದುಬಾರಿ ಅಲ್ಲ. ಜೋಡಿಸುವಾಗ ಲೋಹದ ತಟ್ಟೆ, ಕಾರ್ಬನ್ ತಟ್ಟೆಗಳ ಸಾಲು ತಪ್ಪಬಾರದು. ಋತು ಮುಗಿದ ಮೇಲೆ ಡ್ರ್ಯಾಗ್ ಸಡಿಲಿಸಿ ಇಡಿ.

ಇನ್ನು ಹ್ಯಾಂಡಲ್ ಹಿಂದಕ್ಕೆ ತಿರುಗುವುದು. ಮಸ್ಕಿ ರೀಲಿನಲ್ಲಿ ನನಗೆ ಅತ್ಯಂತ ಮುಖ್ಯ ಅನ್ನಿಸುವ ದೋಷ ಇದು, ಏಕೆಂದರೆ ಇದು ಕೈಕೊಡುವುದು ಮೀನು ಕಚ್ಚಿದ ಆ ಒಂದೇ ಕ್ಷಣದಲ್ಲಿ. ಹ್ಯಾಂಡಲಿನ ಶಾಫ್ಟ್ ಸುತ್ತ ಒಂದು ಸಣ್ಣ ಬೇರಿಂಗ್ ಇದೆ. ಅದರೊಳಗೆ ಸೂಜಿಯಂಥ ಉರುಳೆಗಳು. ಹ್ಯಾಂಡಲ್ ಮುಂದಕ್ಕೆ ತಿರುಗಿದಾಗ ಅವು ಸಡಿಲವಾಗಿ ಉರುಳುತ್ತವೆ. ಹಿಂದಕ್ಕೆ ತಿರುಗಲು ಹೋದಾಗ ಇಳಿಜಾರಿನಲ್ಲಿ ಸಿಕ್ಕಿಕೊಂಡು ಶಾಫ್ಟನ್ನು ಕಚ್ಚಿ ಹಿಡಿಯುತ್ತವೆ. ಚಕ್ರಕ್ಕೆ ಕಲ್ಲು ಕೊಟ್ಟ ಹಾಗೆ. ಉರುಳೆಗಳನ್ನು ಆ ಜಾಗಕ್ಕೆ ತಳ್ಳುವುದು ಕೂದಲಿನಷ್ಟು ತೆಳ್ಳನೆಯ ಸ್ಪ್ರಿಂಗ್. ಗ್ರೀಸ್ ದಪ್ಪಗಿದ್ದರೆ ಆ ಸ್ಪ್ರಿಂಗಿಗೆ ತಳ್ಳುವ ಶಕ್ತಿ ಸಾಲುವುದಿಲ್ಲ. ಬೇಸಿಗೆಯಲ್ಲಿ ಗೊತ್ತೇ ಆಗುವುದಿಲ್ಲ. ಅಕ್ಟೋಬರ್ ಚಳಿಗೆ ಗ್ರೀಸ್ ಗಟ್ಟಿಯಾದಾಗ ಉರುಳೆ ತಡವಾಗಿ ಕಚ್ಚುತ್ತದೆ, ಅಥವಾ ಕಚ್ಚುವುದೇ ಇಲ್ಲ.

ನಿಮ್ಮ ರೀಲ್ ಬಿಸಿಲಲ್ಲಿ ಸರಿಯಿದ್ದು ಚಳಿಯಲ್ಲಿ ಮಾತ್ರ ಜಾರುತ್ತಿದ್ದರೆ ಹೆಚ್ಚು ಯೋಚಿಸಬೇಡಿ, ಇದೇ. ರೀಲನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎರಡು ಗಂಟೆ ಫ್ರಿಜ್‌ನಲ್ಲಿಟ್ಟು, ತೆಗೆದ ಕೂಡಲೇ ಹ್ಯಾಂಡಲನ್ನು ಹಿಂದಕ್ಕೆ ಜಗ್ಗಿ ನೋಡಿ. ಮನೆಯಲ್ಲೇ ಸಿಕ್ಕಿಬೀಳುತ್ತದೆ.

ಸರಿ ಮಾಡುವುದು ಸುಲಭ, ತಾಳ್ಮೆ ಬೇಕು. ಬೇರಿಂಗನ್ನು ಅದರ ಗೂಡಿನಿಂದ ಕೀಳಬೇಡಿ. ಉರುಳೆಗಳು ಉದುರಿದರೆ ಮತ್ತೆ ಕೂರಿಸುವುದು ಕಷ್ಟ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಹತ್ತಿ ಕಡ್ಡಿಯಿಂದ ಒರೆಸಿ. ಹತ್ತಿ ಬಿಳಿಯಾಗಿಯೇ ಹೊರಬರುವ ತನಕ ಒರೆಸಿ. ಪೂರ್ತಿ ಒಣಗಲಿ. ಆಮೇಲೆ ತೆಳು ಎಣ್ಣೆ, ಒಂದೇ ಹನಿ. ಶಾಫ್ಟಿನ ಮೇಲೆ ಕೂರುವ ಉಕ್ಕಿನ ಕೊಳವೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ. ಕನ್ನಡಿಯ ಹಾಗೆ ಹೊಳೆಯಬೇಕು. ಉದ್ದುದ್ದ ಗೀರು, ತುಕ್ಕಿನ ಚುಕ್ಕೆ ಕಂಡರೆ ಉರುಳೆಗಳು ಅಲ್ಲೇ ಜಾರುತ್ತಿವೆ. ಕೊಳವೆಯನ್ನೂ ಬೇರಿಂಗನ್ನೂ ಒಟ್ಟಿಗೆ ಬದಲಿಸಿ.

ಜಾರಿದಾಗ ಹ್ಯಾಂಡಲ್ ಸ್ವಲ್ಪ ಹಿಂದೆ ಹೋಗಿ "ಟಕ್" ಅಂತ ನಿಂತಿತೇ, ಅಥವಾ ಸುತ್ತುತ್ತಲೇ ಹೋಯಿತೇ ಅಂತ ನೆನಪು ಮಾಡಿಕೊಳ್ಳಿ. ಟಕ್ ಅಂತ ನಿಂತರೆ ನಿಮ್ಮ ರೀಲಿನಲ್ಲಿ ಬೇರಿಂಗಿನ ಜೊತೆಗೆ ಹಲ್ಲಿನ ಚಕ್ರ ಮತ್ತು ಕೊಕ್ಕೆಯೂ ಇದೆ, ಸೈಕಲ್ ಫ್ರೀವೀಲಿನಲ್ಲಿ ಇರುವಂಥದ್ದು. ಇದು ಚಳಿಗೂ ಗ್ರೀಸಿಗೂ ಅಷ್ಟು ಸುಲಭವಾಗಿ ಸೋಲುವುದಿಲ್ಲ. ಸುತ್ತುತ್ತಲೇ ಹೋದರೆ ಆ ಎರಡನೆಯ ಕಾವಲು ಇಲ್ಲ, ಅಥವಾ ಸವೆದಿದೆ. ದೊಡ್ಡ ಲೂರ್‌ಗೆ ಮುಂದಿನ ರೀಲ್ ಕೊಳ್ಳುವಾಗ ಎರಡೂ ಇರುವುದನ್ನೇ ಕೇಳಿ ಕೊಳ್ಳಿ. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಗರಗರ ಸದ್ದು: ಎಣಿಸಿ ನೋಡಿ

ರಾಗಿ ಬೀಸುವ ಕಲ್ಲಿನ ಹಾಗೆ ಸದ್ದು ಬರುತ್ತಿದೆಯೇ? ಮೊದಲು ಹೊರೆ ಇಲ್ಲದೆ ತಿರುಗಿಸಿ. ಆಮೇಲೆ ಡ್ರ್ಯಾಗ್ ಬಿಗಿ ಮಾಡಿ, ತಿರುಗುವ ಸ್ಪೂಲನ್ನು ಹೆಬ್ಬೆರಳಿನಿಂದ ಅದುಮಿ, ಹೊರೆ ಕೊಟ್ಟು ತಿರುಗಿಸಿ. ಹೊರೆ ಇಲ್ಲದಾಗಲೂ ಸದ್ದಿದ್ದರೆ ಬೇರಿಂಗಿನಲ್ಲಿ ಮರಳು, ಕೊಳೆ, ಇಲ್ಲವೇ ಒಣಗಿದ ಗ್ರೀಸ್. ತೊಳೆದರೆ ಹೋಗುವ ಸಾಧ್ಯತೆ ಜಾಸ್ತಿ. ಹೊರೆ ಬಿದ್ದಾಗ ಮಾತ್ರ ಸದ್ದಾದರೆ ಗೇರನ್ನು ಅನುಮಾನಿಸಿ. ಸ್ಪೂಲನ್ನು ಗೇರಿನಿಂದ ಬಿಡಿಸುವ ಕ್ಲಚ್ ಒತ್ತಿ ಅದನ್ನು ಸುಮ್ನೆ ತಿರುಗಿಸಿದಾಗ ಕಿರ್ ಅಂದರೆ ಸ್ಪೂಲಿನ ಬೇರಿಂಗ್.

ಸದ್ದು ಒಂದೇ ಸಮನೆ ಬರದೆ ಟಕ್, ಟಕ್ ಅಂತ ಬಂದರೆ ಇನ್ನೂ ಒಳ್ಳೆಯದು. ಎಣಿಸಬಹುದು. ಹ್ಯಾಂಡಲಿನ ಒಂದು ಸುತ್ತಿಗೆ ಒಂದೇ ಟಕ್ ಆದರೆ ದೊಡ್ಡ ಗೇರಿನ ಒಂದು ಹಲ್ಲಿಗೆ ಪೆಟ್ಟಾಗಿದೆ, ಅಥವಾ ಹ್ಯಾಂಡಲೇ ಸಡಿಲ. ಒಂದು ಸುತ್ತಿಗೆ ಐದಾರು ಟಕ್ ಬಂದರೆ, ನಿಮ್ಮ ರೀಲ್ 5.3ರ ಅನುಪಾತದ್ದಾದರೆ (ಹ್ಯಾಂಡಲಿನ ಒಂದು ಸುತ್ತಿಗೆ ಸ್ಪೂಲ್ 5.3 ಸುತ್ತು), ಅದು ಸ್ಪೂಲಿನ ಸುತ್ತಿಗೆ ಸರಿಹೊಂದುತ್ತದೆ. ಸ್ಪೂಲನ್ನು ತಿರುಗಿಸುವ ಚಿಕ್ಕ ಗೇರ್ ಪಿನಿಯನ್ ನೋಡಿ, ಸ್ಪೂಲ್ ನೋಡಿ. ನೂಲು ಹಾಸುವ ಕಣ್ಣು ಒಂದು ತುದಿಗೆ ಬಂದಾಗಲೆಲ್ಲ ಟಕ್ ಅಂದರೆ ಗೇರಿಗೂ ಅದಕ್ಕೂ ಸಂಬಂಧವಿಲ್ಲ, ಲೆವೆಲ್‌ವೈಂಡಿಗೆ ಹೋಗಿ. ಕಣ್ಣು ಮುಚ್ಚಿಕೊಂಡು ನಿಧಾನವಾಗಿ ತಿರುಗಿಸಿ ಎಣಿಸುವುದು ನನ್ನ ರೂಢಿ.

ಗೇರ್ ಬಿಚ್ಚಿದಾಗ ಮೊದಲು ಗ್ರೀಸಿನ ಬಣ್ಣ ನೋಡಿ. ಬೆರಳಿಗೆ ಹಚ್ಚಿಕೊಂಡು ಟಾರ್ಚ್ ಬೆಳಕಿಗೆ ಹಿಡಿಯಿರಿ. ಬರಿ ಕಪ್ಪಾಗಿದ್ದರೆ ಹಳೆಯದಾಗಿದೆ, ಅಷ್ಟೇ. ಅರಿಶಿನ ಬೆರೆತ ಹಾಗೆ ಮಿನುಗುತ್ತಿದ್ದರೆ ಅದು ಹಿತ್ತಾಳೆಯ ಪುಡಿ. ಗೇರ್ ಸವೆಯುತ್ತಿದೆ. ಬೂದು ಬೆಳ್ಳಿಯ ಮಿನುಗಾದರೆ ಅಲ್ಯೂಮಿನಿಯಂ. ಹಲ್ಲಿನ ಒಂದು ಮಗ್ಗುಲು ಮಾತ್ರ ಚೂಪಾಗಿ ತೆಳ್ಳಗಾಗಿದ್ದರೆ ಅದು ದೀರ್ಘ ಹೊರೆಯ ಗುರುತು. ಹಲ್ಲಿನ ಅಗಲದ ಒಂದು ಅಂಚಿನಲ್ಲಿ ಮಾತ್ರ ಸವೆದಿದ್ದರೆ ಇನ್ನೂ ಆಳದ ತೊಂದರೆ. ಹೊರೆ ಬಿದ್ದಾಗ ರೀಲಿನ ಚೌಕಟ್ಟೋ ಪಕ್ಕದ ತಟ್ಟೆಯೋ ಬಾಗಿ, ಎರಡು ಗೇರುಗಳು ಓರೆಯಾಗಿ ಕೂಡುತ್ತಿವೆ ಅಂತ ಅರ್ಥ. ಅಂಥ ರೀಲಿಗೆ ಹೊಸ ಗೇರ್ ಹಾಕಿದರೂ ಅದೇ ಗತಿ. ಚೌಕಟ್ಟು ಗಟ್ಟಿಯಿದ್ದರೆ ಮಾತ್ರ ಗೇರಿಗೆ ದುಡ್ಡು ಹಾಕಿ. ಹಾಕುವಾಗ ದೊಡ್ಡ ಗೇರ್ ಮತ್ತು ಪಿನಿಯನ್ ಎರಡನ್ನೂ ಜೋಡಿಯಾಗಿ ಬದಲಿಸಿ. ಹಳೆಯದರ ಜೊತೆ ಹೊಸದು ಹೊಂದಿಕೊಳ್ಳುವುದಿಲ್ಲ.

ಗೇರ್ ಸಾಯುವುದಕ್ಕೆ ಅನುಪಾತ ಹೇಗೆ ಕಾರಣ ಅಂತ ಒಂದು ಲೆಕ್ಕ ನೋಡಿ. ಅಂಕಿಗಳು ಅಂದಾಜಿಗೆ. ನೂಲು ತುಂಬಿದ ಸ್ಪೂಲಿನ ವ್ಯಾಸ 4 ಸೆಂಟಿಮೀಟರ್, ಬಕ್‌ಟೇಲಿನ ಎಳೆತ 3 ಕಿಲೋ, ಹ್ಯಾಂಡಲಿನ ತೋಳು 6 ಸೆಂಟಿಮೀಟರ್ ಇರಲಿ. 7ರ ಅನುಪಾತದಲ್ಲಿ ಒಂದು ಸುತ್ತಿಗೆ 88 ಸೆಂಟಿಮೀಟರ್ ನೂಲು ಬರುತ್ತದೆ, ಕೈ ಹಾಕಬೇಕಾದ ಬಲ 7 ಕಿಲೋ. 4.6ರಲ್ಲಿ 58 ಸೆಂಟಿಮೀಟರ್ ನೂಲು, ಬಲ 4.6 ಕಿಲೋ. ಇದು ದಿನಕ್ಕೆ ಸಾವಿರಾರು ಸುತ್ತು. ಸೈಕಲ್ಲಿನಲ್ಲಿ ಏರು ಹತ್ತುವಾಗ ಟಾಪ್ ಗೇರ್ ಹಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸುತ್ತಿಗೆ ಜಾಸ್ತಿ ನೂಲು ಬೇಕೆಂದರೆ ಜಾಸ್ತಿ ಬಲ ಕೊಡಲೇಬೇಕು. ಯಾವ ಕಂಪನಿಯ ರೀಲಾದರೂ ಇದನ್ನು ತಪ್ಪಿಸಲಾಗದು. ಜೊತೆಗೆ ಒಂದೇ ಗಾತ್ರದ ಚೌಕಟ್ಟಿನಲ್ಲಿ ಅನುಪಾತ ಏರಿಸಬೇಕಾದರೆ ಪಿನಿಯನ್ ಚಿಕ್ಕದಾಗಬೇಕು. ಚಿಕ್ಕ ಪಿನಿಯನ್ ಹಲ್ಲಿನ ಮೇಲೆ ಒತ್ತಡ ಇನ್ನೂ ಜಾಸ್ತಿ.

ಹಾಗಂತ ವೇಗದ ರೀಲ್ ಕೆಟ್ಟದ್ದಲ್ಲ. ರಬ್ಬರ್ ಲೂರ್ ಎಳೆದ ಮೇಲೆ ಸಡಿಲಾದ ನೂಲನ್ನು ಬೇಗ ಸುತ್ತಿಕೊಳ್ಳಲು, ನೀರಿನ ಮೇಲಿನ ಲೂರ್‌ಗೆ, ಮೀನು ದೋಣಿಯ ಕಡೆಗೇ ನುಗ್ಗಿದಾಗ ವೇಗ ಬೇಕು. ಡಬಲ್ ಟೆನ್ನಿಗೆ ಮಾತ್ರ ಐದರ ಆಸುಪಾಸಿನ ಅನುಪಾತ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ಲೇಡ್ ಎಳೆಯುವವರು ಎರಡು ಕೋಲು, ಎರಡು ರೀಲ್ ಇಟ್ಟುಕೊಂಡರೆ ಎರಡೂ ಬಾಳುತ್ತವೆ.

ಲೆವೆಲ್‌ವೈಂಡ್

ನೂಲು ಸ್ಪೂಲಿನ ಒಂದೇ ಕಡೆ ಗುಡ್ಡೆ ಬೀಳುತ್ತಿದೆಯೇ? ಕಣ್ಣು ತುದಿಗೆ ಹೋಗಿ ಒಂದು ಕ್ಷಣ ಅಲ್ಲೇ ನಿಂತು ಮತ್ತೆ ಹೊರಡುತ್ತದೆಯೇ? ಅಡ್ಡಡ್ಡ ಗೀರುಗಳಿರುವ ಒಂದು ತಿರುಪಿನ ಕಂಬಿ, ಅದರ ಗೀರಿನಲ್ಲಿ ಓಡುವ ಉಗುರಿನಷ್ಟು ಸಣ್ಣ ನಾಲಿಗೆ. ದೋಷ ಈ ಎರಡರಲ್ಲಿ ಒಂದರಲ್ಲಿ. ಕೆಳಗಿನ ಮುಚ್ಚಳ ಬಿಚ್ಚಿದರೆ ನಾಲಿಗೆ ಹೊರಬರುತ್ತದೆ. ಹೊಸ ನಾಲಿಗೆಯ ತುದಿಯ ಅಂಚು ಸ್ಪಷ್ಟ. ಸವೆದದ್ದು ಹಳೆ ನಾಣ್ಯದ ಹಾಗೆ ಮೊಂಡಾಗಿರುತ್ತದೆ. ಇದು ಅಗ್ಗದ ಬಿಡಿಭಾಗ. ಟ್ಯಾಕಲ್ ಡಬ್ಬಿಯಲ್ಲಿ ಎರಡು ಇಟ್ಟುಕೊಂಡಿರಿ. ಕಂಬಿಯ ಗೀರನ್ನು ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಹಲ್ಲುಕಡ್ಡಿಯಿಂದ ಕೆರೆಯಿರಿ. ಇಲ್ಲಿ ದಪ್ಪ ಗ್ರೀಸ್ ಬೇಡ, ಮರಳು ಅಂಟಿಕೊಳ್ಳುತ್ತದೆ. ಎಣ್ಣೆ ಸಾಕು.

ಇದು ಬೇಗ ಸವೆಯಲು ನಾವು ಮಾಡುವ ಒಂದು ತಪ್ಪೂ ಕಾರಣ. ಮಸ್ಕಿಗೆ ಕೊನೆಯಲ್ಲಿ ದೋಣಿಯ ಪಕ್ಕ ಲೂರನ್ನು ಇಂಗ್ಲಿಷಿನ ಎಂಟರ ಆಕಾರದಲ್ಲಿ ಸುತ್ತಿಸುತ್ತೇವಲ್ಲ, ಆ ಅವಸರದಲ್ಲಿ ನೂಲು ಜಾಸ್ತಿ ಸುತ್ತಿಬಿಡುತ್ತೇವೆ. ನೂಲಿಗೂ ಲೂರ್ ಕಟ್ಟುವ ಗಟ್ಟಿ ತುಂಡಾದ ಲೀಡರಿಗೂ ನಡುವಿನ ಲೋಹದ ಸ್ವಿವೆಲ್ (ತಿರುಗುವ ಕೊಂಡಿ) ಕೋಲಿನ ತುದಿಗೆ ಬಡಿದು ಉಂಗುರ ಬಿರಿಯುತ್ತದೆ. ಚಿಕ್ಕ ಗಂಟಾದರೆ ಒಳಗೇ ಬಂದು ಲೆವೆಲ್‌ವೈಂಡಿನ ಕಣ್ಣಿಗೆ ಬಡಿಯುತ್ತದೆ. ಕಣ್ಣಿನ ಪಿಂಗಾಣಿ ಉಂಗುರ ಬಿರಿದಿದೆಯೇ ನೋಡಲು ಹತ್ತಿ ಕಡ್ಡಿಯನ್ನು ಒಳಗೆ ಸುತ್ತಲೂ ಆಡಿಸಿ. ಎಳೆ ಸಿಕ್ಕಿಕೊಂಡರೆ ಬಿರುಕಿದೆ. ಅದೇ ಬಿರುಕು ನಿಮ್ಮ ಬ್ರೇಡನ್ನೂ ಎಳೆ ಎಳೆಯಾಗಿ ಕತ್ತರಿಸುತ್ತಿದೆ.

ಎಸೆಯುವಾಗ "ಢಮ್"

ಎಸೆತದ ನಡುವೆ ಬಂದೂಕು ಹಾರಿಸಿದಂಥ ಸದ್ದು, ನೂಲು ತುಂಡು, ಒಂದು ಪೌಂಡಿನ ಲೂರ್ ಆಕಾಶಕ್ಕೆ. ಇದು ಬರಿ ದುಡ್ಡಿನ ಮಾತಲ್ಲ. ಮೂರು ಕೊಕ್ಕೆಗಳಿರುವ ಆ ಲೂರ್ ಯಾರ ಮೇಲೆ ಬೀಳುತ್ತದೋ ಹೇಳಲಾಗದು. ಇದಕ್ಕೆ ಕಾರಣ ಹುಡುಕದೆ ಮತ್ತೆ ಎಸೆಯಬೇಡಿ.

ಸ್ಪೂಲಿನ ಮೇಲೆ ನೂಲು ಗೋಜಲಾಗಿದೆಯೇ? ಹಾಗಾದರೆ ಬ್ರೇಕ್ ಸಾಲದು, ಅಥವಾ ಹೆಬ್ಬೆರಳು ತಡವಾಯಿತು. ಸ್ಪೂಲಿನ ಪಕ್ಕದ ತಿರುಗಿಸುವ ಗುಂಡಿಯನ್ನು ಬಿಗಿ ಮಾಡುತ್ತಾ, ಲೂರ್ ತನ್ನ ತೂಕಕ್ಕೆ ನಿಧಾನವಾಗಿ ಇಳಿದು ನೀರು ಮುಟ್ಟಿದ ಕೂಡಲೇ ಸ್ಪೂಲ್ ನಿಲ್ಲುವ ಹಾಗೆ ಹೊಂದಿಸಿ. ಲೂರ್ ಬದಲಿಸಿದಾಗಲೆಲ್ಲ ಇದನ್ನು ಮಾಡಬೇಕು. ಗೋಜಲಿಲ್ಲ, ನೂಲು ಹೂತಿಲ್ಲ, ಆದರೂ ಸ್ಪೂಲ್ ಗಕ್ಕನೆ ನಿಂತಿತು ಅಂದರೆ ಕ್ಲಚ್ ತಾನಾಗಿ ಕೂಡಿಕೊಂಡಿದೆ. ಒಂದು ಕಡೆ ಮಾತ್ರ ದೊಡ್ಡ ಹಿಡಿಯಿರುವ ಪವರ್ ಹ್ಯಾಂಡಲ್ ಇದ್ದರೆ, ಎಸೆಯುವ ರಭಸಕ್ಕೆ ಹಿಡಿ ಮುಂದಕ್ಕೆ ತೂಗಿ ಕ್ಲಚ್ಚನ್ನು ಕೂಡಿಸಿಬಿಡಬಹುದು. ಎಸೆಯುವ ಮುನ್ನ ಹಿಡಿಯನ್ನು ಕೆಳಗೆ ತಂದು ನೋಡಿ. ಅಷ್ಟಕ್ಕೇ ನಿಂತರೆ ಕಾರಣ ಸಿಕ್ಕಿತು. ನಿಲ್ಲದಿದ್ದರೆ ಒಳಗೆ ಪಿನಿಯನ್ ಎತ್ತಿ ಹಿಡಿಯುವ ಕವೆ ಸವೆದಿರಬಹುದು, ಅಥವಾ ಹೆಬ್ಬೆರಳಿನ ಪಟ್ಟಿಯನ್ನು ಒತ್ತಿದಲ್ಲೇ ಹಿಡಿದಿಡುವ ಸ್ಪ್ರಿಂಗ್ ಸೋತಿರಬಹುದು.

ಇದಕ್ಕೆ ತದ್ವಿರುದ್ಧ ದೋಷವೂ ಉಂಟು. ಹೊರೆ ಎಳೆಯುವಾಗ ಹ್ಯಾಂಡಲ್ ಇದ್ದಕ್ಕಿದ್ದಂತೆ ಹಗುರಾಗಿ, "ಕಟಕ್" ಅಂದು ಮತ್ತೆ ಹಿಡಿಯುತ್ತದೆ. ಪಿನಿಯನ್ ತುದಿಯ ಸೀಳು ಸ್ಪೂಲಿನ ಅಡ್ಡಕಡ್ಡಿಯನ್ನು ಹಿಡಿಯಬೇಕು. ಸೀಳಿನ ಮೂಲೆ ದುಂಡಗಾದರೆ ಹಾರುತ್ತದೆ. ಪಿನಿಯನ್, ಕವೆ, ಅದರ ಎರಡು ಸ್ಪ್ರಿಂಗ್ ಒಟ್ಟಿಗೇ ಬದಲಿಸಿ.

ಹೊಸದನ್ನು ಕೊಳ್ಳಲೇಬೇಕಾದಾಗ

ಇಷ್ಟು ನೋಡಿದ ಮೇಲೆ ನಿಮ್ಮ ರೀಲ್ ಯಾವುದರಲ್ಲಿ ಸೋತಿತು ಅಂತ ಗೊತ್ತಿರುತ್ತದೆ. ಗೇರಿನಲ್ಲಿ ಸೋತಿದ್ದರೆ ದೊಡ್ಡ ಚೌಕಟ್ಟು, ಅಗಲ ಹಲ್ಲಿನ ಹಿತ್ತಾಳೆ ಅಥವಾ ಉಕ್ಕಿನ ಗೇರ್, ಕಡಿಮೆ ಅನುಪಾತ. ಚಳಿಯಲ್ಲಿ ಜಾರಿ ಸೋತಿದ್ದರೆ ಎರಡು ಕಾವಲಿನ ರೀಲ್. ಚೌಕಟ್ಟು ಬಾಗಿ ಸೋತಿದ್ದರೆ ಒಂದೇ ಲೋಹದ ಗಟ್ಟಿಯಿಂದ ಕೊರೆದ ಚೌಕಟ್ಟು, ಲೋಹದ ಪಕ್ಕದ ತಟ್ಟೆ.

ಮಸ್ಕಿಗೆ ಜನ ಬಳಸುವ ರೀಲುಗಳಲ್ಲಿ ಎರಡು ಬಗೆ. ಒಂದು ದುಂಡನೆಯದು. ಸ್ವೀಡನ್ ಮೂಲದ ಆಬು ಆಂಬಾಸಡರ್ 6500, 7000, ಶಿಮಾನೊದ ಕ್ಯಾಲ್ಕಟಾ ಇವೆಲ್ಲ ಆ ಸಾಲಿನವು. ಇನ್ನೊಂದು ಚಪ್ಪಟೆಯದು. ಶಿಮಾನೊ ಟ್ರಾಂಕ್ಸ್, ಡೈವಾ ಲೆಕ್ಸಾ, ಆಬು ರೆವೊ ಬೀಸ್ಟ್ ಮುಂತಾದವು. ಟ್ರಾಂಕ್ಸ್, ಲೆಕ್ಸಾಗಳಲ್ಲಿ 300, 400, 500 ಅಂತ ಬರೆದಿರುವುದು ಗಾತ್ರ. ನನ್ನ ಅನುಭವದಲ್ಲಿ ದಿನವಿಡೀ ಡಬಲ್ ಟೆನ್ ಎಳೆಯುವವರು 300ಕ್ಕೆ ನಿಲ್ಲಬಾರದು, 400ಕ್ಕೆ ಹೋಗಬೇಕು. ಪೌಂಡರ್ ಎಸೆಯುವವರಿಗೆ 500. ಟ್ರಾಂಕ್ಸ್ 500ರಲ್ಲಿ 4.6 ಮತ್ತು 6.6 ಎರಡೂ ಅನುಪಾತ ಬಂದಿವೆ. ಒಂದೇ ದೇಹ, ಕೆಲಸ ಬೇರೆ. ಲೂರ್ ನೋಡಿ ಆರಿಸಿ. ತೂಕ ಜಾಸ್ತಿ ಅಂತ ಅನ್ನಿಸುತ್ತದೆ ನಿಜ. ಆದರೆ ಕೈ ನೋಯುವುದು ರೀಲಿನ ತೂಕಕ್ಕಿಂತ ಹೆಚ್ಚಾಗಿ ಹ್ಯಾಂಡಲ್ ತಿರುಗಿಸುವ ಬಲದಿಂದ. ದುಂಡು ರೀಲನ್ನು ಬಿಚ್ಚಿ ಜೋಡಿಸುವುದು ಸುಲಭ. ಮನೆಯಲ್ಲೇ ದುರಸ್ತಿ ಮಾಡುವ ಮನಸ್ಸಿದ್ದವರಿಗೆ ನಾನು ಅದನ್ನೇ ಹೇಳುತ್ತೇನೆ.

ಡಬ್ಬದ ಮೇಲಿನ ಎರಡು ಅಂಕಿಗಳಿಗೆ ಮರುಳಾಗಬೇಡಿ. ಒಂದು ಬೇರಿಂಗ್ ಎಷ್ಟು ಅನ್ನುವುದು. ಬಾಳಿಕೆಗೂ ಅದಕ್ಕೂ ಹೆಚ್ಚು ಸಂಬಂಧವಿಲ್ಲ. ಇನ್ನೊಂದು ಡ್ರ್ಯಾಗ್ ಗರಿಷ್ಠ ಎಷ್ಟು ಪೌಂಡ್ ಅನ್ನುವುದು. ಅಷ್ಟು ಬಲಕ್ಕೆ ಚೌಕಟ್ಟು ಬಾಗದೆ ನಿಲ್ಲುತ್ತದೆ ಅಂತ ಆ ಅಂಕಿ ಹೇಳುವುದಿಲ್ಲ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: "ಇದರ ಗೇರ್, ಪಿನಿಯನ್, ಹಿಂತಿರುಗು ತಡೆ ಬೇರಿಂಗ್ ಬಿಡಿಯಾಗಿ ಸಿಗುತ್ತಾ?" ಸಿಗದಿದ್ದರೆ ಎಷ್ಟೇ ಗಟ್ಟಿಯಿದ್ದರೂ ಅದು ಒಂದು ದೋಷದ ಆಯಸ್ಸಿನ ರೀಲ್. ಆಮೇಲೆ ಅಂಗಡಿಯಲ್ಲೇ ಒಂದು ಕೆಲಸ ಮಾಡಿ. ಡ್ರ್ಯಾಗ್ ಬಿಗಿ ಮಾಡಿ, ಸ್ಪೂಲನ್ನು ಎರಡು ಹೆಬ್ಬೆರಳಿನಿಂದ ಬಲವಾಗಿ ಅದುಮಿ ಹಿಡಿಯಿರಿ. ಇನ್ನೊಬ್ಬರು ಹ್ಯಾಂಡಲನ್ನು ಒತ್ತಲಿ. ಪಕ್ಕದ ತಟ್ಟೆ ಚೌಕಟ್ಟಿಗೆ ಕೂಡುವ ಸಂದನ್ನೇ ನೋಡುತ್ತಿರಿ. ಕೂದಲೆಳೆಯಷ್ಟು ಬಾಯಿ ಬಿಟ್ಟರೂ ಆ ರೀಲನ್ನು ಅಲ್ಲೇ ಇಟ್ಟು ಬನ್ನಿ.

ಕೊಂಡ ಮೇಲೆ ನಾನು ಋತುವಿಗೆ ಎರಡು ಸಲ ಬಿಚ್ಚುತ್ತೇನೆ. ಆಗಸ್ಟ್ ನಡುವೆ ಒಮ್ಮೆ, ಗೇರಿನ ಗ್ರೀಸ್ ನೋಡಲು. ಅಕ್ಟೋಬರ್ ಶುರುವಿನಲ್ಲಿ ಒಮ್ಮೆ, ರೋಲರ್ ಬೇರಿಂಗಿನಿಂದ ಗ್ರೀಸ್ ತೊಳೆದು ಒಂದು ಹನಿ ಎಣ್ಣೆ ಹಾಕಲು. ಒಂದೊಂದು ಭಾಗ ತೆಗೆದಾಗಲೂ ಫೋನಿನಲ್ಲಿ ಫೋಟೊ, ಸ್ಕ್ರೂಗಳು ತೆಗೆದ ಸಾಲಿನಲ್ಲೇ ಟವೆಲಿನ ಮೇಲೆ ಎಡದಿಂದ ಬಲಕ್ಕೆ. ಹ್ಯಾಂಡಲಿನ ನಟ್ಟನ್ನು ಪ್ರತಿ ಬೆಳಿಗ್ಗೆ ದೋಣಿ ನೀರಿಗಿಳಿಸುವ ಮುಂಚೆ ಬೆರಳಿನಿಂದ ಮುಟ್ಟಿ ನೋಡುತ್ತೇನೆ. ಅದು ಸಡಿಲಿದ್ದರೆ ಶಾಫ್ಟಿನ ಚಪ್ಪಟೆ ಮಗ್ಗುಲು ತಿಂದುಹೋಗಿ ಹ್ಯಾಂಡಲ್ ಗಡಗಡ ಅನ್ನುತ್ತದೆ, ಆಮೇಲೆ ಶಾಫ್ಟನ್ನೇ ಬದಲಿಸಬೇಕು.

ಮಿಲ್ ಲ್ಯಾಕ್ಸಿನಲ್ಲಿ ಜಾರಿದ ಆ ರೀಲ್ ಈಗಲೂ ನನ್ನ ಬಳಿ ಇದೆ. ಬೇರಿಂಗ್ ತೊಳೆದ ಮರುವಾರ ಅದೇ ಚಳಿಯಲ್ಲಿ ಅದೇ ಗೆಳೆಯನ ಜೊತೆ ಹೋಗಿದ್ದೆ. ಇಡೀ ಸಂಜೆ ಅವನು ತನ್ನ ಕೋಲು ಬಿಟ್ಟು ನನ್ನ ಹ್ಯಾಂಡಲನ್ನೇ ಹಿಂದಕ್ಕೆ ಜಗ್ಗಿ ಜಗ್ಗಿ ನೋಡಿದ. ಒಂದು ಕೂದಲೂ ಅಲುಗಲಿಲ್ಲ. ಮನೆಗೆ ಹೋದವನೇ ತನ್ನ ರೀಲನ್ನು ಚೀಲದಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟ.